ಲೆಕ್ಕ ಸರಿಹೋದ ದಿನ

ನಮ್ಮ ಕಾರ್ಖಾನೆಯಲ್ಲಿ ವರ್ಷಕ್ಕೆ ಎರಡು ಬಾರಿ ಬೆಂಕಿ ಅವಘಡದ ಅಣಕು ಕಾರ್ಯಾಚರಣೆ ನಡೆಯುತ್ತದೆ. ನಾವೆಲ್ಲರೂ ಅದನ್ನು ಮಾಕ್ ಡ್ರಿಲ್ ಎಂದೇ ಕರೆಯುತ್ತೇವೆ. ಸೈರನ್ ಕೂಗಿದ ಕೂಡಲೇ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು, ಹತ್ತಿರದ ಬಾಗಿಲಿನಿಂದ ಹೊರಬಂದು, ಸೆಕ್ಯೂರಿಟಿ ಗೇಟಿನ ಪಕ್ಕದ ಹೊಂಗೆ ಮರಗಳ ಕೆಳಗೆ ಹಸಿರು ಬೋರ್ಡು ನೆಟ್ಟಿರುವ ಜಾಗದಲ್ಲಿ ಲೈನ್ ಪ್ರಕಾರ ಸಾಲಾಗಿ ನಿಲ್ಲಬೇಕು. ಎರಡು ವರ್ಷಗಳ ಹಿಂದಿನ ಒಂದು ಡ್ರಿಲ್‌ನಲ್ಲಿ ನನ್ನ ಶಿಫ್ಟಿನ ತಲೆ ಎಣಿಸಿ ಲೆಕ್ಕ ಒಪ್ಪಿಸಬೇಕಾದವಳು ನಾನಾಗಿದ್ದೆ. ಹಾಜರಿ ಪಟ್ಟಿಯಲ್ಲಿ 42 ಹೆಸರುಗಳಿದ್ದವು; ಮರದ ಕೆಳಗೆ 42 ಜನ ನಿಂತಿದ್ದರು. ಎರಡು ಸಲ ಎಣಿಸಿ, ಎಲ್ಲರೂ ಹೊರಗಿದ್ದಾರೆಂದು ಬರೆದು ಸಹಿ ಹಾಕಿ ಕೊಟ್ಟೆ. ಸುರಕ್ಷತಾ ಅಧಿಕಾರಿಗಳು ಗಡಿಯಾರ ನೋಡಿ, ಹಿಂದಿನ ಸಲಕ್ಕಿಂತ ಬೇಗ ಮುಗಿದಿದೆ ಎಂದು ಮೈಕಿನಲ್ಲಿ ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಹೌಸ್‌ಕೀಪಿಂಗ್ ಕೆಲಸದ ಅಕ್ಕ ಒಬ್ಬರು ನನ್ನ ಬಳಿಗೆ ಬಂದು, ದೊಡ್ಡವರ ಮುಂದೆ ಮಾತನಾಡಲು ಹಿಂಜರಿಯುತ್ತ, ಮೆಲ್ಲಗೆ ಕೇಳಿದರು: “ಮೇಡಂ, ಆ ಮೂಗಿ ಹುಡುಗಿ ಎಲ್ಲಿ? ಕಾಣಿಸ್ತಾನೇ ಇಲ್ವಲ್ಲ.”

ನಾನು ಒಳಗೆ ಓಡಿದೆ. ಇಡೀ ಹಾಲ್ ಖಾಲಿಯಾಗಿತ್ತು, ಸೈರನ್ ಇನ್ನೂ ಕೂಗುತ್ತಲೇ ಇತ್ತು. ಮೂಲೆಯ ಟೇಪಿಂಗ್ ಬೆಂಚಿನ ಮುಂದೆ, ಗೋಡೆಗೆ ಮುಖ ಮಾಡಿ, ಅವಳೊಬ್ಬಳೇ ಕುಳಿತು ತಂತಿಗಳ ಕಟ್ಟಿಗೆ ಕಪ್ಪು ಟೇಪ್ ಸುತ್ತುತ್ತಿದ್ದಳು. ನನ್ನ ನೆರಳು ಬೆಂಚಿನ ಮೇಲೆ ಬಿದ್ದಾಗ ತಿರುಗಿ ನೋಡಿದಳು; ಕೆಲಸ ಪರೀಕ್ಷಿಸಲು ಬಂದಿದ್ದೇನೆಂದು ತಿಳಿದು, ಆಗಷ್ಟೇ ಮುಗಿಸಿದ್ದ ಕಟ್ಟನ್ನು ಎರಡೂ ಕೈಗಳಲ್ಲಿ ಎತ್ತಿ ನನಗೆ ತೋರಿಸಿ ನಕ್ಕಳು. ಟೇಪಿನ ಸುತ್ತುಗಳು ಒಂದರ ಮೇಲೊಂದು ಅರ್ಧರ್ಧ ಕುಳಿತು, ಎಲ್ಲಿಯೂ ಸುಕ್ಕಿಲ್ಲದೆ ಬಂದಿದ್ದವು. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಲೇಬರ್ ಕಾಂಟ್ರಾಕ್ಟರ್ ಮೂಲಕ ಒಂಬತ್ತು ದಿನಗಳ ಹಿಂದೆ ಕೆಲಸಕ್ಕೆ ಸೇರಿದ್ದಳು. ಅವಳ ಹೆಸರು ಕಾಂಟ್ರಾಕ್ಟರ್‌ನ ಮಸ್ಟರ್ ರೋಲ್‌ನಲ್ಲಿ, ಅಂದರೆ ಅವನ ಹಾಜರಿ ಪುಸ್ತಕದಲ್ಲಿ, ಇತ್ತು, ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಇರಲಿಲ್ಲ. ಆದ್ದರಿಂದ ಅವಳನ್ನು ಒಳಗೇ ಬಿಟ್ಟು ಬಂದರೂ ನನ್ನ ಲೆಕ್ಕ ಪೂರ್ತಿ ಸರಿಹೋಗಿತ್ತು.

ಈಚೆಗೆ ಕಂಪನಿಗಳಲ್ಲಿ ವೈವಿಧ್ಯ, ಒಳಗೊಳ್ಳುವಿಕೆ, ನಾಯಕತ್ವ ಎಂಬ ಮಾತುಗಳು ಬಹಳ ಕೇಳಿಬರುತ್ತಿವೆ. ತರಬೇತಿಗಳು ನಡೆಯುತ್ತವೆ, ಗೋಡೆಗಳ ಮೇಲೆ ಪೋಸ್ಟರ್‌ಗಳು ಏಳುತ್ತವೆ, ಮಹಿಳೆಯರು ಶೇಕಡಾ ಎಷ್ಟು, ಅಂಗವಿಕಲರು ಎಷ್ಟು ಎಂದು ತಿಂಗಳಿಗೊಮ್ಮೆ ಅಂಕಿಅಂಶ ಕಳುಹಿಸಬೇಕಾಗುತ್ತದೆ. ಆ ಅಂಕಿಅಂಶವನ್ನು ನಾನೂ ಕಳುಹಿಸುತ್ತೇನೆ. ಆದರೆ ಆ ದಿನದಿಂದ ಈಚೆಗೆ, ಯಾವ ಲೆಕ್ಕ ಸರಿಹೋದರೂ, ಈ ಪಟ್ಟಿಯನ್ನು ಬರೆದವರು ಯಾರು, ಯಾರ ಹೆಸರನ್ನು ಬರೆಯಲು ಅವರಿಗೆ ತೋಚಲಿಲ್ಲ ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ. ತನ್ನ ಕೈಕೆಳಗಿನವರನ್ನು ನಡೆಸುವವರು ಬೇರೆಲ್ಲ ಗುಣಗಳಿಗಿಂತ ಮೊದಲು ಈ ಪ್ರಶ್ನೆಯನ್ನು ರೂಢಿಸಿಕೊಳ್ಳಬೇಕು ಎಂಬುದು ಹದಿನೈದು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಮುಳಬಾಗಿಲು ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಕೋಲಾರದ ಸುತ್ತಮುತ್ತ ನರಸಾಪುರ, ವೇಮಗಲ್, ಮಾಲೂರು ಕಡೆಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆಯುತ್ತಿದ್ದ ಕಾಲದಲ್ಲಿ, ವಾಹನಗಳಿಗೆ ತಂತಿಗಳ ಕಟ್ಟನ್ನು, ಅಂದರೆ ವೈರಿಂಗ್ ಹಾರ್ನೆಸ್ ಅನ್ನು, ತಯಾರಿಸುವ ಕಾರ್ಖಾನೆಯೊಂದಕ್ಕೆ ಆಪರೇಟರ್ ಆಗಿ ಸೇರಿದೆ. ವೈರ್ ಕತ್ತರಿಸುವುದು, ತುದಿಗೆ ಲೋಹದ ಟರ್ಮಿನಲ್ ಅನ್ನು ಒತ್ತಿ ಕೂರಿಸುವುದು, ಬಣ್ಣ ನೋಡಿ ಬೋರ್ಡಿನ ಮೇಲೆ ಹಾಸುವುದು, ಟೇಪ್ ಸುತ್ತುವುದು, ಕೊನೆಗೆ ಪ್ರತಿಯೊಂದು ತಂತಿಯಲ್ಲೂ ವಿದ್ಯುತ್ ಹರಿಯುತ್ತದೆಯೇ ಎಂದು ಪರೀಕ್ಷಿಸುವುದು, ಈ ಎಲ್ಲವನ್ನೂ ಕೈಯಾರೆ ಕಲಿತು, ಲೈನ್ ಲೀಡರ್ ಆಗಿ, ಈಗ ಶಿಫ್ಟ್ ಇನ್‌ಚಾರ್ಜ್ ಆಗಿದ್ದೇನೆ. ನಮ್ಮ ಲೈನ್‌ಗಳಲ್ಲಿ ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಆದರೆ ನಾನು ಇನ್‌ಚಾರ್ಜ್ ಆದಾಗ ಆ ಹುದ್ದೆಯಲ್ಲಿದ್ದ ಹೆಂಗಸು ನಾನೊಬ್ಬಳೇ.

ಡ್ರಿಲ್‌ನ ಸಂಜೆಯೇ ನಾನು ಮೇಲಧಿಕಾರಿಗಳಿಗೆ ನಡೆದದ್ದನ್ನು ನಡೆದ ಹಾಗೆ ಬರೆದು ಕೊಟ್ಟೆ. ಅದು ಸುಲಭವಾಗಿರಲಿಲ್ಲ, ಏಕೆಂದರೆ ತಪ್ಪು ವರದಿಗೆ ಸಹಿ ಹಾಕಿದವಳು ನಾನೇ. ಬಂದ ಮೊದಲ ಉತ್ತರ, “ಡ್ರಿಲ್ ತಾನೆ, ನಿಜವಾದ ಬೆಂಕಿ ಅಲ್ಲವಲ್ಲ” ಎಂದಾಗಿತ್ತು. ಎರಡನೆಯ ಉತ್ತರ, ಅವಳು ನಮ್ಮ ಉದ್ಯೋಗಿ ಅಲ್ಲ, ಕಾಂಟ್ರಾಕ್ಟರ್ ನೋಡಿಕೊಳ್ಳಬೇಕು ಎಂಬುದು. ಈ ಎರಡನೆಯ ಮಾತು ನನ್ನನ್ನು ಬಹಳ ಕಾಡಿತು. ಒಂದೇ ಸೂರಿನ ಕೆಳಗೆ, ಒಂದೇ ಬೋರ್ಡಿನ ಎರಡು ಬದಿಗಳಲ್ಲಿ, ಒಂದೇ ತಂತಿಯ ಎರಡು ತುದಿ ಹಿಡಿದು ಕೆಲಸ ಮಾಡುವ ಇಬ್ಬರಲ್ಲಿ ಒಬ್ಬಳ ಕೊರಳಲ್ಲಿ ನೀಲಿ ಟ್ಯಾಗ್, ಇನ್ನೊಬ್ಬಳ ಕೊರಳಲ್ಲಿ ಹಳದಿ ಟ್ಯಾಗ್. ಬಣ್ಣ ಬದಲಾದರೆ ಸಂಬಳ ಬದಲಾಗುತ್ತದೆ, ರಜೆ ಬದಲಾಗುತ್ತದೆ, ಬಸ್ಸಿನ ಸೀಟು ಬದಲಾಗುತ್ತದೆ, ಬೆಂಕಿ ಬಿದ್ದಾಗ ಹುಡುಕುವವರು ಇರುತ್ತಾರೋ ಇಲ್ಲವೋ ಎಂಬುದೂ ಬದಲಾಗುತ್ತದೆ. ಕಾನೂನು ಹೀಗೆ ಹೇಳುವುದಿಲ್ಲ. ಕುಡಿಯುವ ನೀರು, ಶೌಚಾಲಯ, ಕ್ಯಾಂಟೀನ್ ಮುಂತಾದ ಸೌಕರ್ಯಗಳನ್ನು ಕಾಂಟ್ರಾಕ್ಟರ್ ಒದಗಿಸದಿದ್ದರೆ ಮೂಲ ಮಾಲೀಕರೇ ಒದಗಿಸಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ಕೂಲಿ ಕೊಡದಿದ್ದರೂ ಹೊಣೆ ಮೂಲ ಮಾಲೀಕರದೇ ಎಂದಿತ್ತು. 2025ರ ನವೆಂಬರ್ 21ರಂದು 29 ಹಳೆಯ ಕಾನೂನುಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕಾನೂನಿನ ಹೆಸರು ಬದಲಾದರೂ, ನಮ್ಮ ಅಂಗಳದಲ್ಲಿ ದುಡಿಯುವವರು ನಮ್ಮವರು ಎಂದು ಒಪ್ಪಿಕೊಳ್ಳುವ ಮನಸ್ಸು ಸಂಹಿತೆಯ ಪುಟದಿಂದ ತಾನಾಗಿ ಇಳಿದು ಬರುವುದಿಲ್ಲ.

ಸುರಕ್ಷತಾ ಅಧಿಕಾರಿಗಳು ಮಾತ್ರ ನನ್ನ ಮಾತನ್ನು ಕಿವಿಗೊಟ್ಟು ಕೇಳಿದರು. ಕೆಲವು ವಾರಗಳಲ್ಲಿ ಹಾಲ್‌ನ ನಾಲ್ಕೂ ಮೂಲೆಗಳಲ್ಲಿ, ಸೈರನ್ ಜೊತೆಗೆ ಹೊತ್ತಿ ಆರುವ ಕೆಂಪು ದೀಪಗಳು ಬಂದವು. ಶೌಚಾಲಯದ ಒಳಗೂ ಒಂದು ದೀಪ ಬೇಕೆಂದು ಕೇಳಿದ್ದಕ್ಕೆ, ಅಲ್ಲಿ ಏಕೆ ಎಂದು ಹಲವರು ಹುಬ್ಬೇರಿಸಿದರು. ಕಿವಿ ಕೇಳದವರು ಅಲ್ಲಿಗೂ ಹೋಗುತ್ತಾರೆ ಎಂದು ವಿವರಿಸಬೇಕಾಯಿತು. ಅವಳ ಬೆಂಚನ್ನು ಗೋಡೆಯ ಕಡೆಯಿಂದ ತಿರುಗಿಸಿ ಹಾಲ್ ಕಾಣುವ ಹಾಗೆ ಹಾಕಿಸಿದೆವು. ಅದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಅವಳ ಪಕ್ಕದ ಇಬ್ಬರು ಹುಡುಗಿಯರು ಅವಳಿಂದಲೇ ನಲವತ್ತು ಐವತ್ತು ಸನ್ನೆಗಳನ್ನು ಕಲಿತರು. ನಾನೂ ಕಲಿತೆ, ಆದರೆ ಅವರಷ್ಟು ಚುರುಕಾಗಿ ಅಲ್ಲ. ಎಲ್ಲಕ್ಕಿಂತ ನಿಧಾನವಾಗಿ ಬದಲಾದದ್ದು ಕರೆಯುವ ಹೆಸರು. “ಮೂಗಿ” ಎಂದು ಕರೆಯುತ್ತಿದ್ದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ಅವಳು ಇಲ್ಲವೆಂದು ಗಮನಿಸಿದ ಅಕ್ಕನೂ ಹಾಗೆಯೇ ಕರೆದಿದ್ದರು. ಆದರೂ ಅವಳಿಗೆ ಒಂದು ಹೆಸರಿದೆ, ತುಟಿಯ ಚಲನೆ ನೋಡಿ ಆ ಹೆಸರನ್ನು ಅವಳು ಗುರುತಿಸುತ್ತಾಳೆ. ಬೆಳಗಿನ ಮೀಟಿಂಗಿನಲ್ಲಿ ಎಲ್ಲರೂ ಅವಳ ಹೆಸರನ್ನೇ ಹೇಳಬೇಕೆಂದು ನಾನು ಹಟ ಹಿಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹಿಂದೆ ಏಳಿದ್ದ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿ, ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಹೇಳಿದೆ. ನಮ್ಮಲ್ಲಿ ಆ ನೀತಿ ಇಂಗ್ಲಿಷಿನಲ್ಲಿ ಅಚ್ಚಾಗಿ, ಚೌಕಟ್ಟು ಹಾಕಿಸಿಕೊಂಡು, ರಿಸೆಪ್ಷನ್‌ನಲ್ಲಿ ಇತ್ತು. ರಿಸೆಪ್ಷನ್ ಬಾಗಿಲಿನಿಂದ ಆಪರೇಟರ್‌ಗಳು ಒಳಗೆ ಬರುವುದಿಲ್ಲ.

ಹೆಂಗಸರ ವಿಷಯಕ್ಕೆ ಬಂದರೆ ಹೇಳಬೇಕಾದದ್ದು ಬಹಳವಿದೆ. ಇಲ್ಲಿ ಒಂದೇ ಒಂದು ಸಂಗತಿಯನ್ನು ವಿವರವಾಗಿ ಹೇಳುತ್ತೇನೆ. ಲೈನ್ ಓಡುತ್ತಿರುವಾಗ ಯಾರಾದರೂ ಶೌಚಾಲಯಕ್ಕೆ ಹೋಗಬೇಕಾದರೆ ಅವರ ಜಾಗಕ್ಕೆ ರಿಲೀವರ್ ಬಂದು ನಿಲ್ಲಬೇಕು. ನಾನು ಆಪರೇಟರ್ ಆಗಿದ್ದಾಗ ಇಡೀ ಲೈನಿಗೆ ಒಬ್ಬಳೇ ರಿಲೀವರ್ ಇದ್ದಳು. ಯಾರಾದರೂ ರಜೆ ಹಾಕಿದ ದಿನ ಅವಳನ್ನೇ ಆ ಜಾಗಕ್ಕೆ ಕೂರಿಸುತ್ತಿದ್ದರು. ಲೈನ್ ಲೀಡರ್ ಗಂಡಸು. ಕೈ ಎತ್ತಿ ಅವನನ್ನು ಕರೆದು, ಹತ್ತು ಜನರ ಎದುರು ಕಾರಣ ಹೇಳಿ, “ಈಗಷ್ಟೇ ಹೋಗಿದ್ದೆಯಲ್ಲ” ಎಂಬ ಮಾತು ಕೇಳಿಸಿಕೊಳ್ಳುವುದಕ್ಕಿಂತ ನೀರು ಕುಡಿಯದಿರುವುದೇ ಸಲೀಸು ಎಂದು ನಾವೆಲ್ಲ ತೀರ್ಮಾನಿಸಿಕೊಂಡಿದ್ದೆವು. ಮನೆಯಿಂದ ತಂದ ನೀರಿನ ಬಾಟಲಿಯನ್ನು ಸಂಜೆ ತುಂಬಿದ್ದ ಹಾಗೆಯೇ ವಾಪಸು ಒಯ್ಯುತ್ತಿದ್ದೆವು. ನನಗೆ ಎರಡು ಸಲ ಮೂತ್ರದ ಸೋಂಕಾಗಿ ಇ.ಎಸ್.ಐ. ಚೀಟಿ ಹಿಡಿದು ಡಾಕ್ಟರರ ಬಳಿ ಹೋದಾಗ, ಅವರು ನೀರು ಚೆನ್ನಾಗಿ ಕುಡಿಯಮ್ಮ ಎಂದು ಹೇಳಿ ಕಳುಹಿಸಿದರು. ಕುಡಿಯಬಾರದೆಂದು ನಾವೇ ನಿರ್ಧರಿಸಿಕೊಂಡಿದ್ದೇವೆ ಎಂದು ಅವರಿಗೆ ಹೇಗೆ ಹೇಳಲಿ?

ಲೈನ್ ಲೀಡರ್ ಆದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ರಿಲೀವರ್‌ಗಳನ್ನು ಇಬ್ಬರಿಗೆ ಏರಿಸಬೇಕೆಂದು ಕೇಳಿದ್ದು. ತಲೆಗಳ ಸಂಖ್ಯೆ ಹೆಚ್ಚಿಸಲಾಗದು ಎಂಬ ಉತ್ತರ ಬಂತು. ಆಗ ನಾನು ಮೂರು ತಿಂಗಳ ರಿಜೆಕ್ಷನ್ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತೆ. ಊಟಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಮತ್ತು ಶಿಫ್ಟಿನ ಕೊನೆಯ ಒಂದು ಗಂಟೆಯಲ್ಲಿ ತಂತಿಯ ಬಣ್ಣ ಅದಲುಬದಲಾದ ತಪ್ಪುಗಳು ಉಳಿದ ಹೊತ್ತಿಗಿಂತ ಹೆಚ್ಚಾಗಿದ್ದವು. ತಡೆದುಕೊಂಡು ಕುಳಿತವರ ಕಣ್ಣು ಬಣ್ಣದ ಮೇಲೆ ನಿಲ್ಲುವುದಿಲ್ಲ ಎಂದು ನನಗೆ ಅನುಭವದಿಂದ ಗೊತ್ತಿತ್ತು; ಅದನ್ನು ಮ್ಯಾನೇಜರರಿಗೆ ನಾನು ನಾಚಿಕೆಯಿಲ್ಲದೆ ಬಿಡಿಸಿ ಹೇಳಿದೆ. ಒಂದು ತಿಂಗಳ ಮಟ್ಟಿಗೆ ಎರಡನೆಯ ರಿಲೀವರ್ ಸಿಕ್ಕಳು. ಕೇಳುವುದು, ಕಾರಣ ಹೇಳುವುದು ಯಾವುದೂ ಇಲ್ಲದ ಹಾಗೆ, ಬೋರ್ಡಿನ ತುದಿಯಲ್ಲಿ ಒಂದು ಮೊಳೆಗೆ ಎರಡು ಟೋಕನ್ ನೇತುಹಾಕಿದೆವು. ಟೋಕನ್ ಮೊಳೆಯಲ್ಲಿದ್ದರೆ ತೆಗೆದುಕೊಂಡು ಹೋಗಬಹುದು. ತಪ್ಪುಗಳು ಇಳಿದವು, ರಿಲೀವರ್ ಉಳಿದಳು. ನಾಯಕತ್ವದ ತರಬೇತಿಯಲ್ಲಿ ನಾನು ಕೇಳಿದ ಯಾವ ಉಪನ್ಯಾಸವೂ ಆ ಎರಡು ಪ್ಲಾಸ್ಟಿಕ್ ಬಿಲ್ಲೆಗಳಷ್ಟು ನನ್ನ ಲೈನಿಗೆ ಉಪಕಾರ ಮಾಡಿಲ್ಲ.

ಇಂಥ ಸಂಗತಿಗಳು ಇನ್ನೂ ಇವೆ. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ಹೆಂಗಸರು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕಾರ್ಖಾನೆಯಲ್ಲಿ ದುಡಿಯುವಂತಿರಲಿಲ್ಲ. 2023ರ ಕರ್ನಾಟಕ ತಿದ್ದುಪಡಿ, ಷರತ್ತುಗಳೊಡನೆ ರಾತ್ರಿ ಪಾಳಿಯ ಬಾಗಿಲನ್ನು ತೆರೆಯಿತು, ಜೊತೆಗೆ ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸುವುದಕ್ಕೂ ಅವಕಾಶ ಕೊಟ್ಟಿತು. ರಾತ್ರಿ ಪಾಳಿಯಿಂದ ಹೆಚ್ಚು ಹಣ ಬರುತ್ತದೆ, ಮೇಲಿನ ಹುದ್ದೆಗೆ ಬೇಕಾದ ಅನುಭವವೂ ಬರುತ್ತದೆ; ಆದ್ದರಿಂದ ಆ ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಕಂಪನಿಯ ಬಸ್ಸು ಹೆದ್ದಾರಿಯ ಗೇಟಿನಲ್ಲಿ ಇಳಿಸಿ ಹೋದರೆ, ಅಲ್ಲಿಂದ ಹಳ್ಳಿಗೆ ಎರಡು ಕಿಲೋಮೀಟರ್ ನೀಲಗಿರಿ ತೋಪಿನ ದಾರಿಯನ್ನು ಅವಳು ಹೇಗೆ ದಾಟುತ್ತಾಳೆ ಎಂದು ರೂಟ್ ಚಾರ್ಟ್ ಬರೆದವರು ಯೋಚಿಸಿರುವುದಿಲ್ಲ. ಶಿಶುಪಾಲನಾ ಕೊಠಡಿಯೂ ಹಾಗೆಯೇ: 50 ಅಥವಾ ಹೆಚ್ಚು ನೌಕರರಿರುವಲ್ಲಿ ಅದು ಇರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿದ್ದರಿಂದ ನಮ್ಮಲ್ಲೂ ಬಂತು, ಬೆಳಿಗ್ಗೆ 9ಕ್ಕೆ ತೆರೆಯುತ್ತಿತ್ತು, ನಮ್ಮ ಮೊದಲ ಶಿಫ್ಟ್ ಶುರುವಾಗುವುದು 6ಕ್ಕೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ, ತಿಂಗಳಿಗೊಂದು ದಿನದ ವೇತನ ಸಹಿತ ಮುಟ್ಟಿನ ರಜೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆ ರಜೆಯನ್ನು ಯಾರ ಬಳಿ, ಯಾವ ಮಾತಿನಲ್ಲಿ ಕೇಳಬೇಕು ಎಂಬುದನ್ನು ಪ್ರತಿಯೊಂದು ಕಾರ್ಖಾನೆಯೂ ಕೂತು ಯೋಚಿಸದಿದ್ದರೆ, ಅದೂ ನಮ್ಮ ನೀರಿನ ಬಾಟಲಿಯ ಹಾಗೆ ಬಳಕೆಯಾಗದೆ ಮನೆಗೆ ವಾಪಸು ಹೋಗುತ್ತದೆ.

ಹೆಂಗಸರು ಏಕೆ ಲೈನ್ ಲೀಡರ್ ಆಗಲು ಮುಂದೆ ಬರುವುದಿಲ್ಲ ಎಂದು ಮೀಟಿಂಗುಗಳಲ್ಲಿ ಆಗಾಗ ಕೇಳುತ್ತಾರೆ. ಆತ್ಮವಿಶ್ವಾಸದ ಕೊರತೆ ಎಂಬ ಉತ್ತರ ಯಾವಾಗಲೂ ಸಿದ್ಧವಾಗಿರುತ್ತದೆ. ಲೀಡರ್‌ಗಳ ಮೀಟಿಂಗ್ ನಮ್ಮಲ್ಲಿ ಸಂಜೆ ಆರೂವರೆಗೆ ನಡೆಯುತ್ತಿತ್ತು. ಹಳ್ಳಿಗಳ ಕಡೆಗೆ ಕಂಪನಿಯ ಬಸ್ಸು ಆರೂ ಕಾಲಿಗೆ ಹೊರಡುತ್ತಿತ್ತು. ಮೀಟಿಂಗನ್ನು ಮಧ್ಯಾಹ್ನ ಶಿಫ್ಟ್ ಬದಲಾಗುವ ಮುಂಚಿನ ಹೊತ್ತಿಗೆ ತಂದ ವರ್ಷವೇ ಮೂವರು ಹೆಂಗಸರು ಆ ಹುದ್ದೆಗೆ ಅರ್ಜಿ ಹಾಕಿದರು.

ಇನ್ನು ಜಾತಿಯ ವಿಷಯ. ವೈವಿಧ್ಯದ ಬಗ್ಗೆ ನಾನು ಕಂಡ ಯಾವ ತರಬೇತಿಯಲ್ಲೂ ಈ ಪದವನ್ನು ಯಾರೂ ಉಚ್ಚರಿಸಿಲ್ಲ. ಹೊರದೇಶಗಳಲ್ಲಿ ತಯಾರಾದ ಸ್ಲೈಡುಗಳಲ್ಲಿ ಚರ್ಮದ ಬಣ್ಣವಿರುತ್ತದೆ, ಲಿಂಗವಿರುತ್ತದೆ, ವಯಸ್ಸಿರುತ್ತದೆ. 2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯ ಜನರಲ್ಲಿ ಸುಮಾರು ಶೇಕಡಾ 30ರಷ್ಟು ಮಂದಿ ಪರಿಶಿಷ್ಟ ಜಾತಿಯವರು. ರಾಜ್ಯದ ಸರಾಸರಿ ಸುಮಾರು 17. ಹಳೆಯ ಕೋಲಾರ ಜಿಲ್ಲೆಯಲ್ಲೇ, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿರುವ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ, 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆ ಸುದ್ದಿ ಬಂದಾಗ ನಾನು ಶಾಲೆಯಲ್ಲಿದ್ದೆ. ನಮ್ಮ ಬೀದಿಯಲ್ಲಿ ಹಲವು ರಾತ್ರಿ ದೊಡ್ಡವರು ಮಲಗಲಿಲ್ಲ. ಇಂಥ ನೆಲದ ಮೇಲೆ ಕಟ್ಟಿದ ಕಾರ್ಖಾನೆಯ ಗೇಟಿನ ಹೊರಗೇ ಜಾತಿ ನಿಂತುಬಿಡುತ್ತದೆ ಎಂದು ನಂಬುವುದು ಹೇಗೆ?

ಕಾರ್ಖಾನೆಯಲ್ಲಿ ಯಾರೂ ನೇರವಾಗಿ ಜಾತಿ ಕೇಳುವುದಿಲ್ಲ. ಯಾವ ಊರು ಎಂದು ಕೇಳುತ್ತಾರೆ. ಊರು ಹೇಳಿದ ಮೇಲೆ, “ಊರೊಳಗಾ, ಕಾಲೋನಿ ಕಡೆನಾ?” ಎಂದು ಕೇಳುತ್ತಾರೆ. ನಾನು ಕಾಲೋನಿಯವಳು. ಕೆಲಸಕ್ಕೆ ಸೇರಿದ ಮೊದಲ ವರ್ಷ, ನನ್ನ ಬೋರ್ಡಿನ ಎದುರು ನಿಲ್ಲುತ್ತಿದ್ದ ಗೆಳತಿಯೂ ನಾನೂ ದಿನವೂ ಒಟ್ಟಿಗೆ ಊಟ ಮಾಡುತ್ತಿದ್ದೆವು. ಅವರೆಕಾಯಿ ಕಾಲದಲ್ಲಿ ನಮ್ಮ ಅವ್ವ ಮಾಡಿ ಕಳುಹಿಸುವ ಹಿದಕಬೇಳೆ ಸಾರು ಅವಳಿಗೆ ಬಹಳ ಇಷ್ಟ. ನನ್ನ ಡಬ್ಬಿಯನ್ನು ತಾನೇ ತೆರೆದು, ತನ್ನ ಮುದ್ದೆಗೆ ಬಡಿಸಿಕೊಳ್ಳುತ್ತಿದ್ದಳು. ಒಂದು ದಿನ ಅವಳ ಊರಿನ ಕಡೆಯ ಹೊಸಬನೊಬ್ಬ ಲೈನಿಗೆ ಬಂದು, ನನ್ನನ್ನು ಗುರುತಿಸಿ, ನಮ್ಮ ಮನೆ ಇರುವ ಜಾಗವನ್ನು ಎಲ್ಲರ ಎದುರು ಹೇಳಿದ. ಮರುದಿನ ಅವಳು, ಬೆಳಿಗ್ಗೆ ಮನೆಯಲ್ಲೇ ಹೊಟ್ಟೆ ತುಂಬ ತಿಂದು ಬಂದಿದ್ದೇನೆ ಎಂದಳು. ಅದರ ಮರುದಿನವೂ ಹಾಗೆಯೇ ಅಂದಳು. ಮೂರನೆಯ ದಿನ ಬೇರೆ ಮೇಜಿಗೆ ಹೋಗಿ ಕುಳಿತಳು. ಜಗಳವಾಗಲಿಲ್ಲ, ಕೆಟ್ಟ ಮಾತೂ ಬರಲಿಲ್ಲ. ಎಚ್‌ಆರ್‌ಗೆ ದೂರು ಕೊಡಬಹುದಾದ ಯಾವ ಸಂಗತಿಯೂ ನಡೆಯಲಿಲ್ಲ. ಡಬ್ಬಿಯಲ್ಲಿ ಉಳಿದ ಸಾರನ್ನು ಬಸ್ ಸ್ಟ್ಯಾಂಡಿನ ಬಳಿ ಚೆಲ್ಲಿ, ಡಬ್ಬಿ ತೊಳೆದುಕೊಂಡು ಮನೆಗೆ ಹೋದೆ. ಅವ್ವನಿಗೆ ಎಲ್ಲರೂ ಇಷ್ಟಪಟ್ಟು ತಿಂದರು ಎಂದೆ.

ಇದನ್ನು ಯಾರ ಮೇಲಿನ ಸಿಟ್ಟಿನಿಂದಲೂ ಬರೆಯುತ್ತಿಲ್ಲ. ಊಟದ ಮೇಜಿನಲ್ಲಿ ಯಾರ ಪಕ್ಕ ಯಾರು ಕೂರಬೇಕೆಂದು ನಾನು ಆಜ್ಞೆ ಮಾಡಲಾರೆ. ಆದರೆ ಯಾರಿಗೆ ಯಾವ ಕೆಲಸ ಸಿಗುತ್ತದೆ ಎಂಬುದು ನನ್ನಂಥವರ ಕೈಯಲ್ಲಿದೆ. ಇನ್‌ಚಾರ್ಜ್ ಆದ ಮೇಲೆ ನಾನು ಯಾರ ಜಾತಿಯನ್ನೂ ಕೇಳದೆ ನಮ್ಮ ವಿಭಾಗಗಳನ್ನು ಸುಮ್ಮನೆ ನೋಡುತ್ತ ಬಂದೆ. ಕ್ವಾಲಿಟಿ ಲ್ಯಾಬಿನಲ್ಲಿದ್ದ ಹುಡುಗರಲ್ಲಿ ಹೆಚ್ಚಿನವರು ಎರಡು ಮೂರು ಊರಿನವರು, ಒಬ್ಬರಿಗೊಬ್ಬರು ನೆಂಟರು. ಖಾಲಿ ಜಾಗ ಬಂದಾಗ ಇರುವವರು ತಮ್ಮವರನ್ನು ಕರೆತರುವುದು ವಾಡಿಕೆ. ಹೌಸ್‌ಕೀಪಿಂಗ್‌ನಲ್ಲಿ, ಅದರಲ್ಲೂ ಶೌಚಾಲಯ ತೊಳೆಯುವ ಪಾಳಿಯಲ್ಲಿ, ಇದ್ದವರೆಲ್ಲರೂ ನಮ್ಮ ಕಾಲೋನಿಗಳವರು. ಅವರಲ್ಲಿ ಇಬ್ಬರು ಪಿಯುಸಿ ಮುಗಿಸಿದ್ದರು. ಅವರನ್ನು ಯಾರೂ ಲೈನಿಗೆ ಕರೆದಿರಲಿಲ್ಲ, ಅವರೂ ಕೇಳಿರಲಿಲ್ಲ. ಯಾವುದೇ ನಿಯಮವನ್ನು ಮುರಿಯದೆ, ಯಾರೂ ಕೆಟ್ಟವರಾಗದೆ, ಊರಿನ ನಕ್ಷೆ ಹಾಗೆಯೇ ಕಾರ್ಖಾನೆಯ ನಕ್ಷೆಯಾಗಿತ್ತು.

ನಾನು ಮಾಡಿದ್ದು ಇಷ್ಟೇ. ಲೈನಿನಲ್ಲಿ ಜಾಗ ಖಾಲಿಯಾದಾಗ ಅದನ್ನು ಕ್ಯಾಂಟೀನಿನ ಬಾಗಿಲಿಗೆ ಕನ್ನಡದಲ್ಲಿ ಬರೆದು ಅಂಟಿಸಬೇಕು, ಯಾವ ಬಣ್ಣದ ಟ್ಯಾಗಿನವರಾದರೂ ಪರೀಕ್ಷೆಗೆ ಬರಬಹುದು, ಪರೀಕ್ಷೆ ಕೈಕೆಲಸದ್ದು: ಹತ್ತು ನಿಮಿಷದಲ್ಲಿ ಎಷ್ಟು ತಂತಿ, ಎಷ್ಟು ತಪ್ಪು. ಮೊದಲ ಸಲ ಬಂದ ಹದಿನಾಲ್ಕು ಜನರಲ್ಲಿ ನಾಲ್ವರು ಹೌಸ್‌ಕೀಪಿಂಗ್‌ನವರು. ಅವರಲ್ಲಿ ಇಬ್ಬರು ಆಯ್ಕೆಯಾದರು. ಆಯ್ಕೆಯಾದ ವಾರ ಮೂವರು ಆಪರೇಟರ್‌ಗಳು ಬೇರೆ ಲೈನಿಗೆ ವರ್ಗ ಕೇಳಿದರು. ಕಾರಣವಾಗಿ ಬೆನ್ನುನೋವು, ಎ.ಸಿ.ಯ ಚಳಿ ಎಂದು ಬರೆದಿದ್ದರು. ನಾನು ವರ್ಗ ಕೊಡಲಿಲ್ಲ. ಒಬ್ಬಳು ಕೆಲಸ ಬಿಟ್ಟಳು, ಇಬ್ಬರು ಉಳಿದರು. ಆಗ ನನ್ನ ಬೆನ್ನ ಹಿಂದೆ, “ಅವರವರನ್ನೇ ತುಂಬಿಸ್ತಾ ಇದ್ದಾರೆ” ಎಂಬ ಮಾತು ಓಡಾಡಿತು. ಇಷ್ಟು ವರ್ಷ ನೆಂಟರಿಂದಲೇ ಲ್ಯಾಬ್ ತುಂಬಿದ್ದಾಗ ಆ ಮಾತು ಯಾರಿಗೂ ನೆನಪಾಗಿರಲಿಲ್ಲ. ಅಂಚಿನಿಂದ ಬಂದು ಮೇಲೇರಿದವರು ನ್ಯಾಯ ಮಾಡಿದರೂ ಪಕ್ಷಪಾತವೆಂದು ಕಾಣುತ್ತದೆ, ಆ ಭಯದಿಂದ ಸುಮ್ಮನಿದ್ದರೆ ತಮ್ಮವರಿಗೇ ದ್ರೋಹ ಮಾಡಿದಂತಾಗುತ್ತದೆ. ಈ ಇಕ್ಕಟ್ಟನ್ನು ನಾಯಕತ್ವದ ಪಾಠಗಳಲ್ಲಿ ಯಾರಾದರೂ ಚರ್ಚಿಸಬೇಕೆಂದು ನನಗೆ ಬಹಳ ಆಸೆಯಿದೆ. ನನಗೆ ಆಸರೆಯಾದದ್ದು ಪರೀಕ್ಷೆಯ ಹಾಳೆಗಳು. ಅವನ್ನು ಯಾರು ಬೇಕಾದರೂ ನೋಡಬಹುದೆಂದು ನನ್ನ ಮೇಜಿನ ಮೇಲೆಯೇ ಇಟ್ಟಿದ್ದೆ.

ಭಾಷೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಮ್ಮ ಜಿಲ್ಲೆಯಲ್ಲಿ ಭಾಷೆಗಳು ಬೆರೆತಿರುವುದು ಹೊಸದಲ್ಲ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಕೆ.ಜಿ.ಎಫ್. ಕಡೆ ತಮಿಳು, ಎಲ್ಲ ಊರಿನಲ್ಲೂ ಉರ್ದು. ನಮ್ಮಲ್ಲಿ ಎಲೆಕ್ಟ್ರಿಕಲ್ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು 2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೂ ಅಲ್ಲಿ ದುಡಿದವರು. ಗಣಿಯೊಳಗೆ ಇಳಿಯುವ ಕೇಜನ್ನು ಇಳಿಸು, ಏರಿಸು, ನಿಲ್ಲಿಸು ಎಂದು ಹೇಳುವುದಕ್ಕೆ ಗಂಟೆಯ ಸನ್ನೆಗಳಿದ್ದವಂತೆ, ತಮಿಳರಿಗೂ ತೆಲುಗರಿಗೂ ಕನ್ನಡಿಗರಿಗೂ ಅದೇ ಸನ್ನೆ. “ಭಾಷೆ ಬರಲ್ಲ ಅಂತ ಯಾರೂ ಸಾಯಬಾರ್ದಲ್ಲ ಮೇಡಂ” ಎಂದು ಅವರು ಹೇಳಿದ್ದನ್ನು ನಾನು ಮರೆತಿಲ್ಲ. ನಮ್ಮ ಕಾರ್ಖಾನೆಯಲ್ಲಿ ಕೆಲಸದ ಸೂಚನೆಗಳು ಇಂಗ್ಲಿಷಿನಲ್ಲಿದ್ದವು. ಓದಲು ಬಾರದವರು ಪಕ್ಕದವರ ಕೈ ನೋಡಿ ಕಲಿಯುತ್ತಿದ್ದರು, ಪಕ್ಕದವರ ತಪ್ಪನ್ನೂ ಕಲಿಯುತ್ತಿದ್ದರು. ಈಗ ಪ್ರತಿ ಬೋರ್ಡಿನ ಮೇಲೆ ಚಿತ್ರ, ತಂತಿಯ ಬಣ್ಣದ ಗುರುತು, ಅದರ ಕೆಳಗೆ ಕನ್ನಡ ಇದೆ.

ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದು ಹಾಸ್ಟೆಲಿನಲ್ಲಿ ಇರುವ ಹುಡುಗಿಯರೂ ನಮ್ಮಲ್ಲಿದ್ದಾರೆ. ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಮೀಸಲಿಡುವ ಮಸೂದೆಯನ್ನು 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿದಾಗ ನಮ್ಮ ಕ್ಯಾಂಟೀನಿನಲ್ಲಿ ಬಿಸಿ ಬಿಸಿ ವಾದಗಳಾದವು. ಭೂಮಿ ಕೊಟ್ಟ ಊರಿನವರಿಗೆ ಅಲ್ಲೇ ಕೆಲಸ ಸಿಗಬೇಕೆಂಬುದು ನ್ಯಾಯವಾದ ಬೇಡಿಕೆ ಎಂದು ನಾನು ನಂಬುತ್ತೇನೆ. ಆದರೆ ಮನೆಯವರಿಗೆ ಹಣ ಕಳುಹಿಸಲು ರೈಲಿನಲ್ಲಿ ಎರಡು ದಿನ ಕುಳಿತು ಬಂದ ಹತ್ತೊಂಬತ್ತರ ಹುಡುಗಿಯ ಮೇಲೆ ಆ ಸಿಟ್ಟನ್ನು ತೀರಿಸಿಕೊಳ್ಳುವುದು ತಪ್ಪು. ಕನ್ನಡ ಕಡ್ಡಾಯವಾಗಬೇಕಾದದ್ದು ಮೊದಲು ಮೇಲಿನವರಿಗೆ: ಒಬ್ಬಳ ಹೊಟ್ಟೆನೋವನ್ನು ಅವಳ ಮಾತಿನಲ್ಲೇ ಕೇಳಿ ತಿಳಿಯಲಾರದವರು ಅವಳ ಮೇಲ್ವಿಚಾರಕರಾಗಬಾರದು. ಹಾಸ್ಟೆಲಿನ ಹುಡುಗಿಯರಿಗೆ ಶನಿವಾರದ ಊಟದ ನಂತರ ನಮ್ಮ ಆಪರೇಟರ್ ಒಬ್ಬಳು ಕನ್ನಡ ಹೇಳಿಕೊಡುತ್ತಾಳೆ. ಹುಷಾರಿಲ್ಲ, ನೀರು ಬೇಕು, ಸಂಬಳ ಕಡಿಮೆ ಬಂದಿದೆ, ಬಸ್ಸು ಎಷ್ಟು ಹೊತ್ತಿಗೆ; ಮೊದಲ ಪಾಠ ಈ ನಾಲ್ಕು ವಾಕ್ಯಗಳು.

ಇಷ್ಟನ್ನೆಲ್ಲ ಮಾಡಿದರೂ ಟಾರ್ಗೆಟ್ ಇಳಿಯುವುದಿಲ್ಲ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಸಂಖ್ಯೆ ಬರೆಯಬೇಕು, ಕಡಿಮೆಯಾದರೆ ಮೇಲಿನಿಂದ ಫೋನ್ ಬರುತ್ತದೆ, ಆ ಫೋನಿನ ಬಿಸಿಯನ್ನು ಕೆಳಗಿನವರಿಗೆ ದಾಟಿಸಿಬಿಡುವುದು ಅತ್ಯಂತ ಸುಲಭದ ಕೆಲಸ. ನಾನೂ ದಾಟಿಸಿದ್ದೇನೆ. ಒಂದು ಸಲ ಎಲ್ಲರ ಎದುರು ನಾನು ಯಾರ ಮೇಲೆ ಕೂಗಾಡಿದೆನೋ ಆ ಹುಡುಗಿ, ಹಿಂದಿನ ರಾತ್ರಿ ಮಗುವಿಗೆ ಜ್ವರ ಬಂದು ಎಸ್.ಎನ್.ಆರ್. ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗು ಮಾಡಿ ಬಂದಿದ್ದಳೆಂದು ಆಮೇಲೆ ತಿಳಿಯಿತು. ಮರುದಿನದ ಬೆಳಗಿನ ಮೀಟಿಂಗಿನಲ್ಲಿ, ಕೂಗಾಡಿದ ಜಾಗದಲ್ಲೇ ನಿಂತು, ಎಲ್ಲರೂ ಕೇಳುವಂತೆ ಅವಳ ಕ್ಷಮೆ ಕೇಳಿದೆ. ಅಂದಿನಿಂದ ಆ ಐದು ನಿಮಿಷದ ಮೀಟಿಂಗಿನಲ್ಲಿ ಮೊದಲು ಮಾತನಾಡುವುದು ನಾನಲ್ಲ; ದಿನಕ್ಕೊಬ್ಬರಂತೆ ಆಪರೇಟರ್‌ಗಳು ನಿನ್ನೆ ಏನು ತೊಂದರೆಯಾಯಿತು ಎಂದು ಹೇಳುತ್ತಾರೆ. ಕಿವಿ ಕೇಳದ ಹುಡುಗಿಯ ಸರದಿ ಬಂದಾಗ ಅವಳು ಸನ್ನೆಯಲ್ಲಿ ಹೇಳಿದ್ದನ್ನು ಪಕ್ಕದವಳು ಮಾತಿನಲ್ಲಿ ಹೇಳಿದಳು: ಟೇಪಿನ ಹೊಸ ರೋಲ್‌ಗಳ ಅಂಟು ಕಡಿಮೆಯಾಗಿದೆ. ಪರೀಕ್ಷಿಸಿದಾಗ ಅದು ನಿಜವಾಗಿತ್ತು. ಆ ಲಾಟನ್ನು ವಾಪಸು ಕಳುಹಿಸಿದೆವು.

ಕಳೆದ ಡ್ರಿಲ್‌ನಲ್ಲಿ ನನ್ನ ಕೈಯಲ್ಲಿ ಎರಡೂ ಪಟ್ಟಿಗಳಿದ್ದವು, ನಮ್ಮದು ಮತ್ತು ಕಾಂಟ್ರಾಕ್ಟರ್‌ನದು. ಕೆಂಪು ದೀಪಗಳು ಹೊತ್ತಿದವು. ಅವಳು ತನ್ನ ಬೆಂಚಿನಿಂದ ಎದ್ದು, ಇನ್ನೂ ಟೇಪ್ ಸುತ್ತುತ್ತಿದ್ದ ಪಕ್ಕದವಳ ಭುಜ ತಟ್ಟಿ ಎಬ್ಬಿಸಿಕೊಂಡು ಹೊರಬಂದಳು. ಮರದ ಕೆಳಗೆ ಎಣಿಸಿದೆ. ಎರಡೂ ಪಟ್ಟಿಗಳು ಸರಿಹೋದವು. ಈ ಸಲ ಸಹಿ ಹಾಕುವ ಮೊದಲು ಇನ್ನೊಂದು ಸುತ್ತು ಒಳಗೆ ಹೋಗಿ ಬರುತ್ತೇನೆಂದು ಹೇಳಿ ಹೋದೆ. ಕ್ಯಾಂಟೀನಿನ ಹಿಂದಿನ ಶೆಡ್ಡಿನಲ್ಲಿ, ತರಕಾರಿ ತಂದಿದ್ದ ಟೆಂಪೋದ ಡ್ರೈವರ್ ಮತ್ತು ಅವನ ಜೊತೆಯ ಹುಡುಗ ಮೂಟೆಗಳನ್ನು ಇಳಿಸುತ್ತಿದ್ದರು. ಯಾವ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಸೈರನ್ ಕೇಳಿಸಿತ್ತು, ಅದು ತಮಗೂ ಸೇರಿದ್ದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಡ್ರಿಲ್‌ನ ಹೊತ್ತಿಗೆ ಗೇಟಿನಲ್ಲಿ ಬರೆಯುವ ರಿಜಿಸ್ಟರ್ ಕೂಡ ಮರದ ಕೆಳಗೆ ಬರಬೇಕೆಂದು ಸೆಕ್ಯೂರಿಟಿಯವರಿಗೆ ಬರೆದು ಕೊಟ್ಟಿದ್ದೇನೆ.